ಗುರು–ಶನಿಗಳ ಒಡಲ ಬಿಸಿ

ಕುಲುಮೆಯಿಂದ ಹೊರತೆಗೆದ ಕಬ್ಬಿಣದ ಗುಂಡು ಆರಲು ಎಷ್ಟು ಹೊತ್ತು ಬೇಕು? ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಯುಫೋನ್ ಇದನ್ನೇ ಅಳೆದು ನೋಡಿದನು. ಗುಂಡು ದೊಡ್ಡದಾದಷ್ಟೂ ಆರುವುದು ನಿಧಾನ. ಹಾಗಾದರೆ ಅಡ್ಡಳತೆಯಲ್ಲಿ ಭೂಮಿಯ ಹನ್ನೊಂದರಷ್ಟಿರುವ ಗುರುಗ್ರಹ ಇನ್ನೂ ಕಾದೇ ಇರಬೇಕೆಂದು ಅವನು ತರ್ಕಿಸಿದನು. 1870ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್ ಮತ್ತೊಂದು ಕಾರಣವನ್ನು ಮುಂದಿಟ್ಟನು: ಗುರುವಿನ ಮೋಡಗಳ ಅಲ್ಲೋಲಕಲ್ಲೋಲವನ್ನು ಅಷ್ಟು ದೂರದ ಸೂರ್ಯನ ಕ್ಷೀಣವಾದ ಬಿಸಿಲು ಎಬ್ಬಿಸಲಾರದು, ಶಾಖದ ಮೂಲ ಒಳಗೇ ಇರಬೇಕು.

ಇಪ್ಪತ್ತನೆಯ ಶತಮಾನ ಈ ಮಾತನ್ನು ಬದಿಗೆ ಸರಿಸಿತು. 1923ರಲ್ಲಿ ಹೆರಾಲ್ಡ್ ಜೆಫ್ರಿಸ್, ಹೊರಗ್ರಹಗಳ ಮೇಲ್ಮೈ ತಣ್ಣಗಿರಬೇಕೆಂದು ವಾದಿಸಿದನು. ಅದೇ ದಶಕದಲ್ಲಿ ದೂರದರ್ಶಕಕ್ಕೆ ಶಾಖಮಾಪಕವನ್ನು ಜೋಡಿಸಿ ನೋಡಿದಾಗ ಗುರುವಿನ ಮೋಡಗಳ ಉಷ್ಣತೆ ಸುಮಾರು ಮೈನಸ್ 140 ಡಿಗ್ರಿ ಸೆಲ್ಸಿಯಸ್ ಎಂದು ತಿಳಿದುಬಂದಿತು. ಅಲ್ಲಿಗೆ ವಾದ ಮುಗಿಯಿತೆಂದೇ ಬಹುಮಂದಿ ಭಾವಿಸಿದರು. ಆದರೆ ಅವರು ಕಂಡದ್ದು ಬೂದಿ ಮುಚ್ಚಿದ ಕೆಂಡವನ್ನು.

ಇಲ್ಲೊಂದು ಸೂಕ್ಷ್ಮವಿದೆ. ವಸ್ತುವೊಂದು ಹೊರಸೂಸುವ ಶಾಖ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಬರಿಯ ಬಿಸಿಲನ್ನೇ ನಂಬಿದ್ದರೆ ಗುರುವಿನ ಉಷ್ಣತೆ ಮೈನಸ್ 170ರ ಆಸುಪಾಸಿನಲ್ಲಿರಬೇಕು. ಇರುವುದು ಮೈನಸ್ 148. ಈ ಇಪ್ಪತ್ತೆರಡು ಡಿಗ್ರಿಗಳ ಅಂತರವೇ ಗ್ರಹದ ಶಾಖದ ವೆಚ್ಚವನ್ನು ಆದಾಯದ ಇಮ್ಮಡಿ ಮಾಡುತ್ತದೆ. ಶಾಖಕಿರಣಗಳನ್ನು ನುಂಗುವ ನೀರಾವಿಯನ್ನು ಕೆಳಗೆ ಬಿಟ್ಟು, ವಿಮಾನದಲ್ಲಿ ಮೇಲೇರಿ ಅಳೆದ ಫ್ರ್ಯಾಂಕ್ ಲೋ ಮತ್ತು ಅವರ ಸಂಗಡಿಗರು, ಗುರು ಶನಿಗಳೆರಡೂ ಪಡೆದುದಕ್ಕಿಂತ ಹೆಚ್ಚು ಚೆಲ್ಲುತ್ತಿವೆಯೆಂದು 1969ರಲ್ಲಿ ಪ್ರಕಟಿಸಿದರು. ಪಯೋನಿಯರ್, ವಾಯೇಜರ್ ನೌಕೆಗಳು ಅದನ್ನು ದೃಢಪಡಿಸಿದವು.

ಈ ಬಿಸಿ ಬಹುಮಟ್ಟಿಗೆ ಗ್ರಹ ಹುಟ್ಟಿದಾಗಿನದು; ಅನಿಲರಾಶಿ ಕುಸಿದು ಒತ್ತಿಕೊಂಡಾಗ ಕೂಡಿಟ್ಟ 450 ಕೋಟಿ ವರ್ಷಗಳ ಹಿಂದಿನ ಗಂಟು. ಶನಿಗೆ ಮಾತ್ರ ಈ ಗಂಟು ಇಲ್ಲಿಯವರೆಗೆ ಸಾಲದು. ಅದರ ಒಡಲಲ್ಲಿ ಹೀಲಿಯಮ್ ಹನಿಗಟ್ಟಿ ಮಳೆಯಾಗಿ ಕೆಳಗಿಳಿಯುತ್ತ ಬಿಸಿಯನ್ನು ಹುಟ್ಟಿಸುತ್ತಿರಬೇಕೆಂದು 1970ರ ದಶಕದಲ್ಲಿ ಸಾಲ್ಪೀಟರ್ ಮತ್ತು ಸ್ಟೀವನ್‌ಸನ್ ಸೂಚಿಸಿದರು. 1995ರಲ್ಲಿ ಗುರುವಿನೊಳಗೆ ಇಳಿದ ಗೆಲಿಲಿಯೋ ಶೋಧಕ, ಅಲ್ಲಿಯ ಮೇಲ್ಪದರದಲ್ಲೂ ಹೀಲಿಯಮ್ ಸ್ವಲ್ಪ ಕಡಿಮೆಯಿರುವುದನ್ನು ಕಂಡಿತು.

ಕಡೆಯದಾಗಿ ನನ್ನದೊಂದು ತಪ್ಪೊಪ್ಪಿಗೆ. 1986ರಲ್ಲಿ ವಾಯೇಜರ್ 2 ಯುರೇನಸ್ಸಿನ ಬಳಿ ಹಾದಾಗ ಅಲ್ಲಿ ಒಳಬಿಸಿ ಇಲ್ಲವೆನ್ನುವಷ್ಟು ಕಡಿಮೆಯೆಂದು ಕಂಡಿತು. ಭೌತಶಾಸ್ತ್ರದ ಮೇಷ್ಟ್ರಾದ ನಾನು ‘ಅಷ್ಟು ಕಡಿಮೆ’ ಎಂಬುದನ್ನು ಬಿಟ್ಟು ‘ಇಲ್ಲ’ ಎಂದೇ ವರ್ಷಗಟ್ಟಲೆ ಪಾಠ ಹೇಳಿದೆ. 2025ರ ಮರುಲೆಕ್ಕಗಳ ಪ್ರಕಾರ ಯುರೇನಸ್ ತಾನು ಪಡೆದುದಕ್ಕಿಂತ ನೂರಕ್ಕೆ ಹನ್ನೆರಡರಿಂದ ಹದಿನೈದರಷ್ಟು ಹೆಚ್ಚು ಶಾಖವನ್ನು ಚೆಲ್ಲುತ್ತಿದೆ. ಆ ಪಾಠ ಕೇಳಿ ಹೋದವರು ಈಗ ಎಲ್ಲೆಲ್ಲಿರುವರೋ! ಅವರಲ್ಲಿ ಯಾರಾದರೂ ಈ ಮಾತುಗಳನ್ನು ಆಲಿಸುತ್ತಿದ್ದರೆ, ದಯವಿಟ್ಟು ತಮ್ಮ ಟಿಪ್ಪಣಿಯಲ್ಲಿ ಆ ಒಂದು ಸಾಲನ್ನು ತಿದ್ದಿಕೊಳ್ಳಲಿ.