ಹಳದಿ ಕೂಸು, ಬಿಸಿಲು ಮತ್ತು ನೀಲಿ ದೀಪ

ರಾಯಚೂರಿನವರಿಗೆ ಬಿಸಿಲಿನ ಪಾಠ ಯಾರೂ ಹೇಳಬೇಕಿಲ್ಲ. ಆದರೆ ಹಸುಗೂಸಿನ ಕಾಮಾಲೆಗೆ ಆಸ್ಪತ್ರೆಯಲ್ಲಿ ಇಡುವ ನೀಲಿ ದೀಪದ ಮೂಲ ಬಿಸಿಲು, ಅದೂ ಇಂಗ್ಲೆಂಡಿನ ಎಳೆ ಬಿಸಿಲು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

1956ರ ಮಾತು. ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ಹಿರಿಯ ನರ್ಸ್ ಇದ್ದರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬಿಸಿಲಿದ್ದಾಗ ಅಂಗಳಕ್ಕೆ ತರುತ್ತಿದ್ದರು. ಒಂದು ಕೂಸಿನ ಮೈ ಬಿಸಿಲು ಬಿದ್ದಲ್ಲಿ ತಿಳಿಯಾಗಿತ್ತು, ಬಟ್ಟೆ ಮುಚ್ಚಿದ್ದಲ್ಲಿ ಮಾತ್ರ ಹಳದಿ ಉಳಿದಿತ್ತು. ಅದನ್ನು ಅವರು ಡಾಕ್ಟರಿಗೆ ತೋರಿಸಿದರು. ಮುಂದೆ ಬಿಸಿಲಲ್ಲಿ ಉಳಿದಿದ್ದ ಒಂದು ರಕ್ತದ ಮಾದರಿಯಲ್ಲೂ ಹಳದಿ ಅಂಶ, ಅಂದರೆ ಬಿಲಿರುಬಿನ್, ಇಳಿದಿತ್ತು. ಡಾ. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ದೀಪ ಜೋಡಿಸಿ ಪ್ರಯೋಗ ಮಾಡಿ, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು.

ಅದೇ 1956ರ ನವೆಂಬರ್ 1ರಂದು ನಮ್ಮ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಆಗ ಹಳ್ಳಿಗಳಲ್ಲಿ ಹೆರಿಗೆ ಎಂದರೆ ಮನೆ, ಸೂಲಗಿತ್ತಿ, ಕತ್ತಲೆ ಕೋಣೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚುತ್ತಿದ್ದರು, ಕೂಸಿಗೆ ಅರಿಶಿನ ಹಚ್ಚಿ ಎರೆಯುತ್ತಿದ್ದರು. ಕತ್ತಲೆಯಲ್ಲಿ, ಅರಿಶಿನದ ಮೈಯಲ್ಲಿ ಕಾಮಾಲೆ ಹೇಗೆ ಕಾಣಬೇಕು? ಕಂಡ ಮೇಲೆ ನಾಟಿ ಔಷಧ, ತಾಯಿಗೆ ಪಥ್ಯ, ಕೆಲವು ಕಡೆ ಕೂಸಿಗೆ ಬರೆ. ಹಿರಿಯರನ್ನು ದೂರುವಂತಿಲ್ಲ. ಹತ್ತಿರದಲ್ಲಿ ಬೇರೆ ದಾರಿ ಇರಲಿಲ್ಲ.

ಈಗ ದಾರಿ ಇದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಶಾ ಕಾರ್ಯಕರ್ತೆಯರು ಬಂದರು. 2007ರಲ್ಲಿ ರಾಯಚೂರಿಗೆ ರಿಮ್ಸ್, 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂದವು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಕೂಸಿಗೆ ಚಿಕಿತ್ಸೆ, ವಾಹನ ಎರಡೂ ಉಚಿತವಾದವು.

ಆದರೂ ಒಂದು ಸಂದು ಉಳಿದಿದೆ. ಸಲೀಸು ಹೆರಿಗೆಯಾದರೆ ಸುಮಾರು 48 ಗಂಟೆಗೆ ಮನೆಗೆ ಕಳಿಸುತ್ತಾರೆ. ಕಾಮಾಲೆ ಸಾಮಾನ್ಯವಾಗಿ ಕಾಣುವುದು ಎರಡನೇ ಮೂರನೇ ದಿನ, ಏರುವುದು ಮೂರರಿಂದ ಐದನೇ ದಿನ. ಅಷ್ಟರಲ್ಲಿ ಬಾಣಂತಿ ದೇವದುರ್ಗ ಅಥವಾ ಮಾನ್ವಿ ತಾಲ್ಲೂಕಿನ ತವರುಮನೆಯ ಅದೇ ಕತ್ತಲೆ ಕೋಣೆಯಲ್ಲಿರುತ್ತಾಳೆ. ಜಿಲ್ಲಾ ಕೇಂದ್ರ ಹೆಚ್ಚುಕಡಿಮೆ 50 ಕಿ.ಮೀ. ದೂರ. ಆಗ ಕೂಸಿಗೆ ಡಾಕ್ಟರ್ ಎಂದರೆ ತಾಯಿಯ ಕಣ್ಣು.

ಹೆಚ್ಚಿನ ಕೂಸುಗಳಿಗೆ ಇದು ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಹುಟ್ಟಿದ ಕೂಸಿನ ಕೆಂಪು ರಕ್ತಕಣ ಬೇಗ ಒಡೆಯುತ್ತವೆ, ಎಳೆ ಲಿವರ್‌ಗೆ ಆ ಹಳದಿ ಹೊರಹಾಕಲು ಸಮಯ ಬೇಕು. ಅತಿಯಾದರೆ ಮಾತ್ರ ಅದು ಮೆದುಳಿಗೆ ಇಳಿಯುತ್ತದೆ. ಜರ್ಮನಿಯ ಶ್ಮೋರ್ಲ್ 1904ರಲ್ಲಿ ಈ ಹಾನಿಗೆ ಕೆರ್ನಿಕ್ಟೆರಸ್ ಎಂದು ಹೆಸರಿಟ್ಟರು. ಬದುಕಿದ ಕೂಸಿಗೂ ಕಿವುಡು, ಕೈಕಾಲು ಸ್ವಾಧೀನ ತಪ್ಪುವುದು ಬರಬಹುದು. ಆ ಹಾನಿ ಮರಳಿ ಸರಿಯಾಗದು.

ಹಾಗಾದರೆ ನೋಡುವುದು ಹೇಗೆ? ಹಗಲ ಬೆಳಕಿನಲ್ಲಿ ಕೂಸಿನ ಹಣೆ, ಎದೆ, ಕಾಲನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಹಳದಿ ಮುಖದಿಂದ ಕೆಳಗೆ ಇಳಿಯುತ್ತದೆ. ಮೊದಲ 24 ಗಂಟೆಯಲ್ಲೇ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟು ಮಂಕಾದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಾಗಿದರೆ, ಮಲ ಬಿಳಿಚಿದರೆ ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ. ಎರಡು ವಾರ ದಾಟಿದರೂ ಹಳದಿ ಉಳಿದರೆ ಡಾಕ್ಟರಿಗೆ ತೋರಿಸಿ.

ಮೊದಲ ಹಳದಿ ಹಾಲು ಚೆಲ್ಲಬೇಡಿ. ದಿನಕ್ಕೆ 8ರಿಂದ 12 ಸಲ ಎದೆಹಾಲು ಕುಡಿದರೆ ಕೂಸು ಚೆನ್ನಾಗಿ ಮಲ ಮಾಡುತ್ತದೆ, ಹಳದಿ ಅದರಲ್ಲೇ ಹೋಗುತ್ತದೆ. ಸಕ್ಕರೆ ನೀರು, ಜೇನು, ಕತ್ತೆ ಹಾಲು ಬೇಡ. ಬರೆಯಂತೂ ಬೇಡವೇ ಬೇಡ.

ಬಿಸಿಲಿನಿಂದ ಶುರುವಾಯಿತೆಂದು ಕೂಸನ್ನು ನಮ್ಮ ಬಿಸಿಲಲ್ಲಿ ಮಲಗಿಸಬೇಡಿ. ಮೈ ಸುಡುತ್ತದೆ, ನೀರಿನಂಶ ಆರುತ್ತದೆ, ಎಷ್ಟು ಬೆಳಕು ಸಿಕ್ಕಿತೆಂಬ ಲೆಕ್ಕವೂ ಸಿಗದು. ಆಸ್ಪತ್ರೆಯ ದೀಪಕ್ಕೆ ಅಳತೆ ಇದೆ, ರಕ್ತ ಪರೀಕ್ಷೆ ಇದೆ.

ಆಶಾ ಅಕ್ಕ ಮೂರನೇ ದಿನ, ಏಳನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಬಂದಾಗ ಕೂಸನ್ನು ಬಾಗಿಲ ಬೆಳಕಿಗೆ ತಂದು ತೋರಿಸಿ. ಬರದಿದ್ದರೆ ನೀವೇ ಕರೆಯಿರಿ. ಜೀನ್ ವಾರ್ಡ್ ಮಾಡಿದ್ದೂ ಅಷ್ಟೇ: ಕೂಸನ್ನು ಬೆಳಕಿಗೆ ತಂದು, ಕಣ್ಣಿಟ್ಟು ನೋಡಿ, ಕಂಡದ್ದನ್ನು ಹೇಳಿದರು.