ಬಾಡಿಗೆ ಮನೆಯ ಮುಂಗಡ: ಒಂದು ವ್ಯವಹಾರಪದದ ಇತಿಹಾಸ

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿಯುವವನು ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಮನೆಯೊಡೆಯನ ಕೈಯಲ್ಲಿಡಬೇಕೆಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಈಚೆಗೆ ಕೆಲವೆಡೆ ಈ ಪ್ರಮಾಣ ಇಳಿದಿದ್ದರೂ ರೂಢಿಯ ಸ್ವರೂಪ ಬದಲಾಗಿಲ್ಲ. ಮನೆ ಬಿಡುವಾಗ ಆ ಹಣ ಪೂರ್ತಿಯಾಗಿ ಹಿಂದಿರುಗುವುದೇ ಎಂಬುದರಲ್ಲಿ ಜಗಳ ಹುಟ್ಟುತ್ತದೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವುದು, ಹೊಸ ಬಾಡಿಗೆದಾರ ಬರುವವರೆಗೆ ಕಾಯಿರೆನ್ನುವುದು, ನಲ್ಲಿ, ಕಿಟಕಿ, ಬಾಗಿಲುಗಳ ಲೆಕ್ಕ ಹಾಕುವುದು, ಇವೆಲ್ಲ ನಗರವಾಸಿಗಳಿಗೆ ಪರಿಚಿತವಾದ ಸಂಗತಿಗಳೇ. ಇದನ್ನು ಕೇವಲ ವ್ಯಕ್ತಿಗಳ ಲೋಭಕ್ಕೆ ಆರೋಪಿಸಿದರೆ ವಿಷಯದ ಮೂಲ ತಿಳಿಯದು. ಈ ಹಣ ವಾಸ್ತವವಾಗಿ ಏನು? ನಂಬಿ ಇಟ್ಟ ನಿಕ್ಷೇಪವೇ, ಕೊಟ್ಟ ಸಾಲವೇ, ಹೊಣೆಗಾಗಿ ಇರಿಸಿದ ಆಧಿಯೇ, ಅಥವಾ ಮನೆಯೊಳಗೆ ಕಾಲಿಡಲು ತೆತ್ತ ಬೆಲೆಯೇ? ಈ ಪ್ರಶ್ನೆಗೆ ನಮ್ಮ ಕಾನೂನು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿರುವುದನ್ನು ಸ್ಥೂಲವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮನೆಬಾಡಿಗೆಯ ವಿವಾದ ನಮ್ಮಲ್ಲಿ ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ, ಈ ವಿಷಯ ಬಂದಿದೆ. ಬಿಡೆಂದರೂ ಬಿಡದೆ ಉಳಿದ ವಾಸಿಗೂ, ಬಾಡಿಗೆ ತೆತ್ತವನನ್ನು ಹೊರಹಾಕಿದ ಒಡೆಯನಿಗೂ ಅಲ್ಲಿ ಹನ್ನೆರಡು ಪಣಗಳ ದಂಡವುಂಟು. ಕಳವು, ಸಾಹಸ ಮೊದಲಾದ ಅಪರಾಧಗಳಿದ್ದಲ್ಲಿ ಮಾತ್ರ ವಿನಾಯಿತಿ. ತಾನಾಗಿಯೇ ಮನೆ ಬಿಟ್ಟು ಹೋಗುವವನು ವರ್ಷದ ಬಾಡಿಗೆಯಲ್ಲಿ ಉಳಿದ ಭಾಗವನ್ನು ಕೊಡಬೇಕು. ನಾರದಸ್ಮೃತಿಯ ವಿಧಿ ಇನ್ನೂ ಗಮನಾರ್ಹವಾದುದು. ಪರರ ನೆಲದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡವನು ಬಿಡುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡೊಯ್ಯಬಹುದು; ಬಾಡಿಗೆ ಕೊಡದೆ, ನೆಲದೊಡೆಯನ ಇಚ್ಛೆಗೆ ವಿರುದ್ಧವಾಗಿ ಇದ್ದವನಿಗೆ ಆ ಹಕ್ಕಿಲ್ಲ. ಬಿಟ್ಟು ಹೋಗುವ ಹೊತ್ತಿನಲ್ಲಿ ಯಾವುದು ಯಾರದು ಎಂಬುದೇ ವಿವಾದದ ತಿರುಳೆಂದು ಈ ಶಾಸ್ತ್ರಕಾರರು ಅರಿತಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ನಾರದನು ಋಣಾದಾನವನ್ನು ಮೊದಲನೆಯ ವ್ಯವಹಾರಪದವಾಗಿಯೂ ನಿಕ್ಷೇಪವನ್ನು ಎರಡನೆಯದಾಗಿಯೂ ಎಣಿಸಿ, ಇವೆರಡನ್ನೂ ಬೇರ್ಪಡಿಸಿದ್ದಾನೆ. ಸಾಲವಾಗಿ ಪಡೆದ ಹಣವನ್ನು ಬಳಸಿಕೊಳ್ಳಬಹುದು, ಬಡ್ಡಿ ಸಲ್ಲುತ್ತದೆ. ನಿಕ್ಷೇಪವನ್ನು ಕಾಪಾಡಿ ಹಾಗೆಯೇ ಹಿಂದಿರುಗಿಸಬೇಕು. ಇವೆರಡರ ನಡುವೆ ಆಧಿಯೆಂಬ ಒತ್ತೆ. ಯಾಜ್ಞವಲ್ಕ್ಯನು ಕಾಪಾಡಬೇಕಾದ ಆಧಿಯನ್ನೂ ಅನುಭವಿಸಬಹುದಾದ ಆಧಿಯನ್ನೂ ಪ್ರತ್ಯೇಕಿಸಿದನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದಕ್ಕೆ ವ್ಯಾಖ್ಯಾನ ಬರೆದನು. ಬಡ್ಡಿಗೆ ಬದಲಾಗಿ ವಸ್ತುವಿನ ಅನುಭೋಗ ಎಂಬ ಈ ತತ್ತ್ವವೇ ಇಂದಿಗೂ ಕನ್ನಡನಾಡಿನ ಪಟ್ಟಣಗಳಲ್ಲಿ 'ಭೋಗ್ಯಕ್ಕೆ ಮನೆ' ಎಂಬ ರೂಪದಲ್ಲಿ ಜೀವಂತವಾಗಿದೆ. ಅದರಲ್ಲಿ ತಿಂಗಳ ಬಾಡಿಗೆಯಿಲ್ಲ. ದೊಡ್ಡದೊಂದು ಮೊತ್ತವನ್ನು ಕೊಟ್ಟು ವಾಸಿಸುವುದು, ಅವಧಿ ಮುಗಿದ ಮೇಲೆ ಅದನ್ನು ಹಿಂಪಡೆಯುವುದು.

ಆಧುನಿಕ ಕಾನೂನಿನ ಕಡೆಗೆ ಬರೋಣ. 1882ರ ಆಸ್ತಿ ವರ್ಗಾವಣೆ ಕಾನೂನು ಗೇಣಿಗೆ ಪ್ರತಿಫಲವಾಗಿ ಒಮ್ಮೆಗೇ ಕೊಡುವ ಬೆಲೆಯನ್ನೂ ಆಗಾಗ ಕೊಡುವ ಬಾಡಿಗೆಯನ್ನೂ ಹೆಸರಿಸುತ್ತದೆ. ಹಿಂದಿರುಗಿಸಬೇಕಾದ ಮುಂಗಡವು ಇವೆರಡರಲ್ಲಿ ಯಾವುದೂ ಅಲ್ಲ. ಅದು ಪಕ್ಷಗಳ ಕರಾರಿಗೆ ಬಿಟ್ಟ ವಿಷಯವಾಯಿತು. ಅದೇ ಕಾನೂನಿನ 108ನೆಯ ಪ್ರಕರಣವು, ಬೇರೆ ಕರಾರಿಲ್ಲದಿದ್ದರೆ, ಸಹಜವಾದ ಸವೆತವನ್ನು ಬಿಟ್ಟು ಉಳಿದಂತೆ ಮನೆಯನ್ನು ಮೊದಲಿನ ಸ್ಥಿತಿಯಲ್ಲಿ ಒಪ್ಪಿಸಬೇಕೆನ್ನುತ್ತದೆ. ಗೋಡೆಯ ಬಣ್ಣ ಮಾಸುವುದು ಸಹಜವಾದ ಸವೆತವೆಂದರೆ ತಪ್ಪಾಗಲಾರದು. ಆದರೆ ಸುಣ್ಣಬಣ್ಣದ ವೆಚ್ಚ ಬಾಡಿಗೆದಾರನದೆಂದು ಕರಾರುಪತ್ರದಲ್ಲಿ ಮೊದಲೇ ಅಚ್ಚಾಗಿರುವುದರಿಂದ ಕಾನೂನಿನ ಈ ರಕ್ಷಣೆ ಬಹುಮಟ್ಟಿಗೆ ನಿಷ್ಫಲವಾಗಿದೆ.

ಮುಂಗಡವನ್ನು ಅನ್ಯಾಯದ ಬೆಲೆಯೆಂದು ಕಂಡದ್ದು ಯುದ್ಧಕಾಲದ ಶಾಸನಗಳು. 1915ರಲ್ಲಿ ಗ್ಲಾಸ್ಗೋ ನಗರದ ಬಾಡಿಗೆದಾರರು ಬಾಡಿಗೆ ಕೊಡಲು ನಿರಾಕರಿಸಿ ನಡೆಸಿದ ಚಳವಳಿಯ ಹಿನ್ನೆಲೆಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಾಡಿಗೆಯ ಏರಿಕೆಯನ್ನು ತಡೆದು, ಬಾಡಿಗೆಯ ಮೇಲೆ ಬೇರೆ ಹಣ ಕೇಳುವುದನ್ನೂ ನಿಷೇಧಿಸಿತು. ನಮ್ಮಲ್ಲಿ 1918ರಲ್ಲಿ ಮುಂಬಯಿ, 1920ರಲ್ಲಿ ಕಲ್ಕತ್ತೆ ಬಾಡಿಗೆ ನಿಯಂತ್ರಣದ ಶಾಸನಗಳನ್ನು ಪಡೆದವು. ಆದರೆ ಬಾಡಿಗೆಯನ್ನು ಕಟ್ಟಿಹಾಕಿದಷ್ಟೂ ಹಣ ಬೇರೆ ಬಾಗಿಲಿನಿಂದ ಒಳಬಂದಿತು. ಮುಂಬಯಿಯಲ್ಲಿ ಅದರ ಹೆಸರು ಪಗಡಿ, ಕಲ್ಕತ್ತೆಯಲ್ಲಿ ಸಲಾಮಿ. ಮುಂಬಯಿಯ 1947ರ ಬಾಡಿಗೆ ಕಾನೂನು ನಿಗದಿಯಾದ ಬಾಡಿಗೆಯ ಹೊರತು ಮುಂಗಡ, ಠೇವಣಿ ಮುಂತಾದುವನ್ನು ಪಡೆಯುವುದನ್ನು ಅಪರಾಧವೆಂದೇ ಸಾರಿತು. ಆದರೂ ಪಗಡಿ ಅಳಿಯಲಿಲ್ಲ. ಕೊನೆಗೆ ಮಹಾರಾಷ್ಟ್ರದ 1999ರ ಕಾನೂನು ಅದನ್ನು ಸಕ್ರಮವೆಂದು ಒಪ್ಪಿಕೊಂಡಿತು.

1956ರಲ್ಲಿ ಏಕೀಕೃತವಾದ ಮೈಸೂರು ರಾಜ್ಯಕ್ಕೆ ಈ ಬಗೆಯ ಹಲವು ಶಾಸನಗಳು ಒಟ್ಟಾಗಿ ಬಂದವು. ಹಳೆಯ ಮೈಸೂರಿಗೆ 1951ರ ಕಾನೂನು, ಧಾರವಾಡದ ಕಡೆಗೆ ಮುಂಬಯಿಯದು, ಮಂಗಳೂರಿನ ಕಡೆಗೆ ಮದರಾಸಿನದು, ಕಲಬುರಗಿಯ ಕಡೆಗೆ ಹೈದರಾಬಾದಿನದು. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾನೂನು ಇವುಗಳ ಸ್ಥಾನದಲ್ಲಿ ಏಕರೂಪದ ವ್ಯವಸ್ಥೆಯನ್ನು ತಂದಿತು. 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾನೂನಾದರೋ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬೆಲೆಗಳು ಏರಿದಂತೆ ನಗರದ ಮನೆಗಳಲ್ಲಿ ಬಹುಪಾಲು ಆ ಮಿತಿಯನ್ನು ದಾಟಿ, ಮತ್ತೆ 1882ರ ಕಾನೂನಿಗೂ ಖಾಸಗಿ ಕರಾರಿಗೂ ಒಳಪಟ್ಟವು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದುದರಿಂದ ಆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಭೋಗ್ಯದ ಪಾಡು ಇನ್ನೂ ಕಷ್ಟತರ. ಅನುಭೋಗದ ಆಧಿಗೆ ನೋಂದಾಯಿತ ಪತ್ರ ಬೇಕೆಂಬುದು ಕಾನೂನು. ಬರಿಯ ಛಾಪಾಕಾಗದವನ್ನು ನಂಬಿದವನು, ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದ ಪಕ್ಷದಲ್ಲಿ, ಹಣವನ್ನೂ ಮನೆಯನ್ನೂ ಕಳೆದುಕೊಳ್ಳಬಹುದು.

ನ್ಯಾಯಾಲಯಗಳು ಈ ನಡುವೆ ಬಾಡಿಗೆದಾರನ ಪರವಾಗಿ ಒಂದು ಮುಖ್ಯ ತತ್ತ್ವವನ್ನು ಸ್ಥಾಪಿಸಿದವು. ಕಾನೂನಿಗೆ ಮೀರಿದ ಮುಂಗಡವನ್ನು ಕೊಟ್ಟವನೂ ತಪ್ಪಿನಲ್ಲಿ ಪಾಲುಗಾರನಲ್ಲವೆ ಎಂಬ ವಾದ ಬಿಹಾರದ ಒಂದು ಮೊಕದ್ದಮೆಯಲ್ಲಿ ಬಂದಾಗ, 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ತಲೆಯ ಮೇಲೊಂದು ಸೂರಿಗಾಗಿ ನಿರುಪಾಯನಾಗಿ ಕೊಟ್ಟವನನ್ನೂ ಪಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ಅದರ ಅಭಿಪ್ರಾಯ. ಆಂಧ್ರಪ್ರದೇಶದ ಒಂದು ಹೋಟೆಲಿನ ವಿಷಯದಲ್ಲಿ 1989ರ ತೀರ್ಪು, ಒಡೆಯನ ಕೈಯಲ್ಲಿ ಬಾಡಿಗೆದಾರನ ಹಣ ಇರುವಾಗ ಅವನನ್ನು ಬಾಕಿದಾರನೆಂದು ಹೊರಹಾಕಲಾಗದೆಂದಿತು. ಕೊನೆಯ ತಿಂಗಳುಗಳ ಬಾಡಿಗೆಯನ್ನು 'ಮುಂಗಡದಲ್ಲಿ ಮುರಿದುಕೊಳ್ಳಿ' ಎನ್ನುವ ಜನರ ನಡವಳಿಕೆಯ ಹಿಂದಿರುವ ತರ್ಕವೂ ಇದೇ. ಮನೆ ಬಿಟ್ಟ ಮೇಲೆ ಬಾಡಿಗೆದಾರನ ಕೈಯಲ್ಲಿ ಯಾವ ಹಿಡಿತವೂ ಉಳಿಯದೆಂಬುದನ್ನು ಅವರು ಅನುಭವದಿಂದ ಬಲ್ಲರು.

ಹೀಗೆ ನೋಡಿದಾಗ, ಇಂದಿನ ಮುಂಗಡವು ಹೆಸರಿನಲ್ಲಿ ಆಧಿ, ವಾಸ್ತವದಲ್ಲಿ ಬಡ್ಡಿಯಿಲ್ಲದ ಸಾಲ ಎಂದು ಹೇಳಬೇಕಾಗುತ್ತದೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಮುಂಗಡ 2 ಲಕ್ಷ. ಶೇಕಡಾ 6ರ ಬಡ್ಡಿಯಂತೆ ವರ್ಷಕ್ಕೆ 12,000 ರೂಪಾಯಿ, ಅಂದರೆ ತಿಂಗಳಿಗೆ ಸಾವಿರ ರೂಪಾಯಿಯ ಬಾಡಿಗೆಯನ್ನು ಬಾಡಿಗೆದಾರನು ಕಾಣದಂತೆ ಹೆಚ್ಚಾಗಿ ತೆರುತ್ತಾನೆ. ಒಡೆಯನು ಆ ಹಣವನ್ನು ಖರ್ಚುಮಾಡಿರುತ್ತಾನೆ. ಹಿಂದಿರುಗಿಸಲು ಹೊಸ ಬಾಡಿಗೆದಾರನ ಮುಂಗಡವೇ ಬರಬೇಕು. ವಿಳಂಬಕ್ಕೆ ದುರುದ್ದೇಶವಿಲ್ಲದೆಯೂ ಕಾರಣವುಂಟು ಎಂಬುದನ್ನು ಇಲ್ಲಿ ಒಪ್ಪಬೇಕು. ಬಾಡಿಗೆ ಬಾಕಿ ಉಳಿಸಿ, ಮನೆ ಕೆಡಿಸಿ ಹೋಗುವವರ ವಿಷಯದಲ್ಲಿ ಒಡೆಯನಿಗೆ ಭದ್ರತೆ ಬೇಕೆಂಬುದೂ ನ್ಯಾಯವೇ.

ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಕ್ಕೆ ಆರು ತಿಂಗಳ ಮಿತಿಯನ್ನು ಸೂಚಿಸಿದೆ. ಅದು ರಾಜ್ಯಗಳಿಗೊಂದು ಮಾದರಿ ಮಾತ್ರ. ಮಿತಿಯಿಂದ ಜಗಳದ ಗಾತ್ರ ಕುಗ್ಗಬಹುದು, ಜಗಳದ ಕಾರಣ ಅಳಿಯದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತವು 1977ರ ಕಾನೂನಿನಿಂದ ಇಂಥ ಹಣವನ್ನು ಒಂದು ಸರ್ಕಾರಿ ಮಂಡಲಿಯ ವಶಕ್ಕೆ ಒಪ್ಪಿಸಿತು. ಇಂಗ್ಲೆಂಡಿನಲ್ಲಿ 2007ರಿಂದ ಅದನ್ನು ಅಂಗೀಕೃತ ಯೋಜನೆಯೊಂದರ ರಕ್ಷಣೆಗೆ ಒಳಪಡಿಸುವುದು ಒಡೆಯನ ಕರ್ತವ್ಯವಾಗಿದೆ. ಇಲ್ಲಿ ಹಣ ಪಡೆದವನೇ ಅದರ ನ್ಯಾಯಾಧೀಶನೂ ಆಗುವುದು ತಪ್ಪುತ್ತದೆ. ನಾರದನ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯ ವ್ಯವಹಾರಪದಕ್ಕೆ ಜಾರಿಹೋಗಿದ್ದ ಹಣವನ್ನು ಎರಡನೆಯದಕ್ಕೆ ಮರಳಿ ತಂದಂತಾಯಿತು. ನಮ್ಮ ನಗರಗಳ ಮುಂಗಡವೂ ಎಂದಾದರೊಂದು ದಿನ ನಿಕ್ಷೇಪದ ಪದವಿಯನ್ನು ಪಡೆಯಬೇಕಾದರೆ ಈ ದಿಕ್ಕಿನಲ್ಲಿ ವಿಚಾರಮಾಡುವುದು ಅವಶ್ಯ.