ಚಿತ್ರಪುಸ್ತಕ ಬರೆದ ಮೇಷ್ಟರು

ಮಕ್ಕಳ ಚಿತ್ರಪುಸ್ತಕಗಳ ಮೂಲವನ್ನು ಹುಡುಕುತ್ತ ಹೋದರೆ ನಾವು ದೇಶಭ್ರಷ್ಟರಾದ ಒಬ್ಬ ಶಾಲಾಮಾಸ್ತರರ ಬಳಿ ಬಂದು ನಿಲ್ಲುತ್ತೇವೆ. ಮೊರಾವಿಯಾದಲ್ಲಿ 1592ರಲ್ಲಿ ಹುಟ್ಟಿದ ಯಾನ್ ಆಮೋಸ್ ಕೊಮೆನಿಯಸ್ ಮತೀಯ ಯುದ್ಧದ ದೆಸೆಯಿಂದ 1628ರಲ್ಲಿ ತಾಯ್ನಾಡು ತೊರೆದರು. ಮತ್ತೆ ಅಲ್ಲಿ ನೆಲೆಸುವ ಯೋಗ ಅವರಿಗೆ ಬರಲಿಲ್ಲ.

ಅಂದು ಶಾಲೆಯೆಂದರೆ ಲ್ಯಾಟಿನ್, ಲ್ಯಾಟಿನ್ ಎಂದರೆ ಬೆತ್ತ. ಮಕ್ಕಳು ಅರ್ಥವರಿಯದೆ ಪದಗಳನ್ನು ಉರು ಹೊಡೆಯುವುದನ್ನು ಕಂಡು ಬೇಸತ್ತ ಮಾಸ್ತರರು, ಹಂಗೇರಿಯ ಶಾರೊಷ್‌ಪಟಕ್‌ನಲ್ಲಿದ್ದಾಗ ‘ಓರ್ಬಿಸ್ ಪಿಕ್ಟಸ್’ ಎಂಬ ಪುಸ್ತಕವನ್ನು ಸಿದ್ಧಗೊಳಿಸಿದರು. ಅಲ್ಲಿ ಚಿತ್ರ ಕೆತ್ತಬಲ್ಲವರು ದೊರೆಯದೆ, ಅದು ಅಚ್ಚಾದದ್ದು 1658ರಲ್ಲಿ, ನ್ಯೂರೆಂಬರ್ಗಿನಲ್ಲಿ.

ಸುಮಾರು 150 ಪಾಠಗಳು, ಪಾಠಕ್ಕೊಂದು ಮರದಚ್ಚಿನ ಚಿತ್ರ. ರೊಟ್ಟಿ ಸುಡುವವ, ಜೋಡು ಹೊಲಿಯುವವ, ಅಚ್ಚುಕೂಟ, ಎಲ್ಲವೂ ಉಂಟು. ಚಿತ್ರದಲ್ಲಿನ ವಸ್ತುವಿಗೊಂದು ಅಂಕೆ. ಅದೇ ಅಂಕೆ ಲ್ಯಾಟಿನ್ ಪದಕ್ಕೂ ಪಕ್ಕದ ಜರ್ಮನ್ ಪದಕ್ಕೂ. ಅಕ್ಷರ ಕಲಿಸಲು ಕಾಗೆ, ಕುರಿಮರಿಗಳ ಕೂಗು. ಆತ್ಮಕ್ಕೂ ಚಿತ್ರ ಬರೆಸಿದ್ದಾರೆ: ಚುಕ್ಕೆಗಳಿಂದಾದ ಮನುಷ್ಯಾಕೃತಿ! ನಮ್ಮ ವೇದಾಂತಿಗಳೂ ಇಷ್ಟು ಧೈರ್ಯ ಮಾಡಲಾರರು.

ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೆಣಗುವ ನಮಗೆ ಮುಂದಿನ ಸಂಗತಿ ಹೆಚ್ಚು ನಾಟುತ್ತದೆ. ಪೋಲೆಂಡಿನ ಲೆಶ್ನೊ ಪಟ್ಟಣ 1656ರಲ್ಲಿ ಸುಟ್ಟಾಗ, ನಲವತ್ತಕ್ಕೂ ಹೆಚ್ಚು ವರ್ಷ ಅವರು ಕೂಡಿಟ್ಟಿದ್ದ ಚೆಕ್ ನುಡಿಯ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ಎರಡೇ ವರ್ಷದಲ್ಲಿ ಹೊರಬಂದ ಚಿತ್ರಪುಸ್ತಕದಲ್ಲೂ ಆ ತಾಯ್ನುಡಿಗೆ ಸ್ಥಾನವಿರಲಿಲ್ಲ. 1659ರಲ್ಲೇ ಇಂಗ್ಲಿಷರು ಅದನ್ನು ತಮ್ಮದಾಗಿಸಿಕೊಂಡರು. ಕೊಮೆನಿಯಸ್ 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಲ್ಯಾಟಿನ್, ಜರ್ಮನ್, ಹಂಗೇರಿಯನ್ನುಗಳ ಜೊತೆಗೆ ಚೆಕ್ ಪಾಠವನ್ನೂ ಹೊತ್ತ ಆವೃತ್ತಿ ಲೆವೊಚದಲ್ಲಿ ಅಚ್ಚಾಗುವ ಹೊತ್ತಿಗೆ 1685 ಆಗಿತ್ತು.